ಆಡಿದವರ ಹೆಸರು : ಕಥನದಲ್ಲಿ ಸಂವಾದ ಮತ್ತು ವಕ್ತೃಸೂಚನೆ

ಕಥೆ-ಕಾದಂಬರಿಗಳ ವಿಮರ್ಶೆಯಲ್ಲಿ ವಸ್ತು, ಪಾತ್ರ, ತಂತ್ರ, ಆಶಯಗಳನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಪಾತ್ರಗಳು ಆಡುವ ಮಾತಿನ ಸಹಜತೆಯನ್ನು ಕುರಿತೂ ಆಗಾಗ ಒಂದೆರಡು ಅಭಿಪ್ರಾಯಗಳು ಕೇಳಿಬರುವುದುಂಟು. ಆದರೆ ಮಾತು ಮುಗಿದೊಡನೆ ಬರುವ ‘ಎಂದನು’, ‘ಎಂದಳು’, ‘ಎಂದರು’ ಎಂಬ ಪುಟ್ಟ ಪದಗಳ ಕಡೆಗೆ ವಿಮರ್ಶಕರ ದೃಷ್ಟಿ ಹರಿದದ್ದು ವಿರಳ. ಇಂಥ ಪದಗಳನ್ನು ವಕ್ತೃಸೂಚನೆಗಳೆಂದು ಕರೆಯಬಹುದು. ಓದುಗನ ಕಣ್ಣು ಇವುಗಳ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಬರೆಯುವವನ ಕೈಯೂ ಅಷ್ಟೇ ಅನಾಯಾಸವಾಗಿ ಅವನ್ನು ಬರೆದು ಮುಂದೆ ಸಾಗುತ್ತದೆ. ಆದರೂ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಉದ್ಧರಣ ಚಿಹ್ನೆಗಳ ಒಳಗಿರುವ ಮಾತು ಪಾತ್ರಕ್ಕೆ ಸೇರಿದ್ದು. ಹೊರಗಿರುವ ವಕ್ತೃಸೂಚನೆ ಲೇಖಕನಿಗೆ ಸೇರಿದ್ದು. ಪಾತ್ರ ತಪ್ಪು ಆಡಿದರೆ ಅದು ಪಾತ್ರದ ಸ್ವಭಾವವೆನ್ನಬಹುದು. ಸೂಚನೆ ತಪ್ಪಿದರೆ ಅದಕ್ಕೆ ಲೇಖಕನೇ ಹೊಣೆ.

ಈ ಹೊಣೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ಅರಿಯಲು ಕೊಡಗಿನ ದಕ್ಷಿಣದ ತುದಿಯಲ್ಲಿರುವ ಕುಟ್ಟದಂಥ ಊರು ಒಳ್ಳೆಯ ನಿದರ್ಶನವಾಗಬಲ್ಲದು. ಬ್ರಹ್ಮಗಿರಿಯ ತಪ್ಪಲಿನ ಈ ಗಡಿಯೂರನ್ನು ದಾಟಿದರೆ ತೋಲ್ಪೆಟ್ಟಿ, ಅಲ್ಲಿಂದ ಮುಂದೆ ಕೇರಳದ ವಯನಾಡು. ಕಾಫಿ ತೋಟ, ಗದ್ದೆ, ಕಾಡುಗಳ ನಡುವಣ ಈ ನೆಲದಲ್ಲಿ ಕೊಡವ ತಕ್ಕ್, ಮಲೆಯಾಳ, ಎರವರ ಮಾತು, ಕುರುಬರ ಮಾತು ಹಾಗೂ ಕನ್ನಡ ದಿನನಿತ್ಯ ಒಂದನ್ನೊಂದು ಸಂಧಿಸುತ್ತವೆ. ಇಂಥ ಊರಿನ ತೋಟವೊಂದರ ಜಗಲಿಯಲ್ಲಿ ವಾರದ ಬಟವಾಡೆ ನಡೆಯುತ್ತಿರುವುದನ್ನು ತರುಣ ಲೇಖಕನೊಬ್ಬ ಕನ್ನಡದಲ್ಲಿ ಕಥೆಯಾಗಿ ಬರೆಯಹೊರಟನೆಂದು ಭಾವಿಸೋಣ. ಜಗಲಿಯ ಮೇಲೆ ತೋಟದ ಸಾಹುಕಾರ, ಲೆಕ್ಕದ ಪುಸ್ತಕ ಹಿಡಿದ ರೈಟರು. ಅಂಗಳದಲ್ಲಿ ಲೈನ್ ಮನೆಯಿಂದ ಬಂದ ಎರವ ಕೂಲಿಗಾರ. ಮೂವರೂ ಮಾತನಾಡುತ್ತಾರೆ. ಲೇಖಕನು ಮೊದಲ ವಾಕ್ಯವನ್ನು ಬರೆಯುವ ಮುನ್ನವೇ ಕನ್ನಡ ವ್ಯಾಕರಣವು ಅವನಿಗೊಂದು ಪ್ರಶ್ನೆ ಹಾಕುತ್ತದೆ: ಯಾರಿಗೆ ‘ಎಂದರು’, ಯಾರಿಗೆ ‘ಎಂದ’?

ಇಂಗ್ಲಿಷ್ ಬರಹಗಾರನಿಗೆ ಈ ಪ್ರಶ್ನೆಯೇ ಇಲ್ಲ. ಅರಸನಿಗೂ ಆಳಿಗೂ ಆ ಭಾಷೆಯಲ್ಲಿ ಒಂದೇ ಕ್ರಿಯಾಪದ ಸಲ್ಲುತ್ತದೆ. ಆದುದರಿಂದ ಇಂಗ್ಲಿಷಿನ ಕಥನಕಲೆಯ ಪಠ್ಯಗಳು ಸೂಚನೆ ಸರಳವಾಗಿರಲಿ, ಕಣ್ಣಿಗೆ ಬೀಳದಂತಿರಲಿ ಎಂದಷ್ಟೇ ಹೇಳಿ ಮುಗಿಸುತ್ತವೆ. ಕನ್ನಡದ ಕ್ರಿಯಾಪದವಾದರೋ ಲಿಂಗವನ್ನೂ ವಚನವನ್ನೂ ಹೊತ್ತುಕೊಂಡೇ ಬರುತ್ತದೆ. ವಚನದೊಡನೆ ಗೌರವವೂ ಬರುತ್ತದೆ. ‘ಅವನು ನನ್ನನ್ನು ಏಕವಚನದಲ್ಲಿ ಮಾತನಾಡಿಸಿದ’ ಎಂಬುದು ಕನ್ನಡಿಗನ ಬಾಯಲ್ಲಿ ವ್ಯಾಕರಣದ ವಿವರಣೆಯಲ್ಲ, ಮಾನಭಂಗದ ದೂರು. ಹೀಗಿರುವಾಗ ಕನ್ನಡದಲ್ಲಿ ನಿಷ್ಪಕ್ಷಪಾತವಾದ ವಕ್ತೃಸೂಚನೆ ತಾನಾಗಿ ಒದಗುವುದಿಲ್ಲ. ಅದನ್ನು ಲೇಖಕನು ಎಚ್ಚರದಿಂದ ಸಾಧಿಸಿಕೊಳ್ಳಬೇಕು.

ಈ ಎಚ್ಚರದ ಪಾಠವನ್ನು ಹೊರಗೆಲ್ಲೋ ಅರಸಬೇಕಾಗಿಲ್ಲ. ಸಂವಾದವನ್ನೇ ಶರೀರವಾಗಿ ಪಡೆದ ಮಹಾಕೃತಿಯೊಂದು ಕನ್ನಡದಲ್ಲಿ 15ನೆಯ ಶತಮಾನದಷ್ಟು ಹಿಂದೆಯೇ ರೂಪುಗೊಂಡಿತು. ಅದು ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಿಗೆ ಸಂಯೋಜಿಸಿದ ಈ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರಂತೆ ಪರಿಷ್ಕರಿಸಿ ಬೆಳೆಸಿದರು. 12ನೆಯ ಶತಮಾನದ ಶರಣರ ವಚನಗಳು ಇಲ್ಲಿ ಪ್ರಶ್ನೆ, ಪ್ರತ್ಯುತ್ತರ, ಆಕ್ಷೇಪ, ಸಮಾಧಾನಗಳಾಗಿ ಎದುರುಬದುರು ನಿಂತಿವೆ. ವಚನಗಳು ಶರಣರವು. ಹಾಗಾದರೆ ಸಂಪಾದನಕಾರರು ಸ್ವತಃ ಬರೆದುದೇನು? ಬಹುಮಟ್ಟಿಗೆ ವಚನವಚನಗಳ ನಡುವಣ ಗದ್ಯ; ಎಂದರೆ ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ನುಡಿದರೆಂಬ ಸೂಚನೆ. ಆಧುನಿಕ ಪರಿಭಾಷೆಯಲ್ಲಿ ಹೇಳುವುದಾದರೆ ಅವರ ಕರ್ತೃತ್ವದ ಪ್ರಧಾನ ಅಂಶ ವಸ್ತುವಿನ ಜೋಡಣೆ ಮತ್ತು ವಕ್ತೃಸೂಚನೆ. ಅಷ್ಟರಿಂದಲೇ ಬಿಡಿಬಿಡಿಯಾಗಿದ್ದ ವಚನರಾಶಿಯು ಒಂದು ಮಹಾನಾಟಕದ ಗಾಂಭೀರ್ಯವನ್ನು ಪಡೆಯಿತು.

ಶರಣರ ಮಾತಿಗೆ ಹೊರಗಿನ ಸೂಚನೆಯಲ್ಲದೆ ಒಳಗಿನ ಸೂಚನೆಯೊಂದೂ ಉಂಟು. ಅದೇ ಅಂಕಿತ. ಗುಹೇಶ್ವರ ಎಂದೊಡನೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿ, ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು ಓದುಗನ ಮನಸ್ಸಿನಲ್ಲಿ ಮೂಡುತ್ತಾರೆ. ಚೆನ್ನಬಸವಣ್ಣನವರ ಕೂಡಲಚೆನ್ನಸಂಗಮದೇವ ಎಂಬ ಅಂಕಿತದಲ್ಲಿ ಒಂದೇ ಒಂದು ಪದ ನಡುವೆ ಸೇರಿ ಸೋದರಮಾವನಿಂದ ಅಳಿಯನನ್ನು ಬೇರ್ಪಡಿಸಿ ತೋರಿಸುತ್ತದೆ. ಹಾಗೆಯೇ ಇಬ್ಬರ ನಂಟನ್ನೂ ಉಳಿಸುತ್ತದೆ. ಮುಕ್ತಾಯಕ್ಕನ ವಚನಗಳಲ್ಲಿ ಅಗಲಿದ ಅಣ್ಣ ಅಜಗಣ್ಣನ ಹೆಸರೇ ಅಂಕಿತ. ಆಕೆ ಏನನ್ನು ನುಡಿದರೂ ಆ ನುಡಿಯೊಳಗೆ ಆಕೆಯ ದುಃಖವೂ ಗುರುಭಾವವೂ ಒಟ್ಟಿಗೆ ನೆಲೆಸಿರುತ್ತವೆ. ‘ದುಃಖದಿಂದ ಎಂದಳು’ ಎಂಬ ಸೂಚನೆಯ ಅಗತ್ಯವೇ ಅಲ್ಲಿಲ್ಲ. ಕಥೆಗಾರನು ಇಲ್ಲಿಂದ ಕಲಿಯಬೇಕಾದ ಮೊದಲ ಪಾಠವೆಂದರೆ, ಆಡಿದವರಾರೆಂಬುದು ಸಾಧ್ಯವಾದಷ್ಟು ಮಟ್ಟಿಗೆ ಆಡಿದ ಮಾತಿನಿಂದಲೇ ತಿಳಿಯುವಂತಿರಬೇಕು. ಪ್ರತಿಯೊಂದು ಪಾತ್ರಕ್ಕೂ ತನ್ನದೇ ಆದ ಅಂಕಿತವಿರಬೇಕು. ಅದು ಹೆಸರಾಗಿರಬೇಕೆಂದಿಲ್ಲ, ಸಂಬೋಧನೆಯ ರೀತಿ, ಮತ್ತೆಮತ್ತೆ ಮರಳುವ ಉಪಮಾನ, ವಾಕ್ಯ ನಿಲ್ಲುವ ಜಾಗ, ಇವೂ ಅಂಕಿತಗಳೇ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗದಲ್ಲಿ ಈ ಗುಣ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಕ್ಕಿಯನ್ನು ಆಯ್ದು ತರುವ ಕಾಯಕದ ಗಂಡ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಅದನ್ನು ತಂದಲ್ಲಿಗೇ ಹಿಂದಿರುಗಿಸಬೇಕೆಂದು ಹೆಂಡತಿ ಹೇಳುತ್ತಾಳೆ. ಗಂಡನ ಅಂಕಿತ ಅಮರೇಶ್ವರಲಿಂಗ. ಹೆಂಡತಿಯದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ತಿದ್ದುವ ಮಾತಿನಲ್ಲಿಯೇ ಗಂಡನ ಹೆಸರು ಪ್ರೀತಿಯೊಡನೆ ಸೇರಿಕೊಂಡಿದೆ. ಆಕ್ಷೇಪವೂ ಆದರವೂ ಒಂದೇ ಉಸಿರಿನಲ್ಲಿ ಬರುತ್ತವೆ. ಇಷ್ಟು ನಾಟಕೀಯವಾದ ಸಂದರ್ಭವನ್ನು ಈಚಿನ ಸಾಮಾನ್ಯ ಕಾದಂಬರಿಕಾರನ ಕೈಗೆ ಕೊಟ್ಟರೆ ಲಕ್ಕಮ್ಮ ‘ಕಿಡಿಕಾರುತ್ತ ಗರ್ಜಿಸುವಳು’, ಮಾರಯ್ಯ ‘ತಲೆತಗ್ಗಿಸಿ ಗದ್ಗದಿತನಾಗುವನು’. ಸಂಪಾದನಕಾರರು ಅಂಥ ಗೋಜಿಗೆ ಹೋಗದೆ ಮಾತಿನ ಸಂದರ್ಭವನ್ನು ತಿಳಿಸಿ ಪಕ್ಕಕ್ಕೆ ಸರಿದುನಿಲ್ಲುತ್ತಾರೆ.

ಅವರು ಪಕ್ಕಕ್ಕೆ ಸರಿದರೂ ಒಂದು ವಿಷಯದಲ್ಲಿ ಮಾತ್ರ ತಮ್ಮ ನಿಲುವನ್ನು ಖಚಿತವಾಗಿ ತೋರಿಸಿಕೊಂಡಿದ್ದಾರೆ. ಪ್ರಭುದೇವರು, ಬಸವಣ್ಣನವರು ಎಂದು ಬಹುವಚನ ಬಳಸುವ ಅದೇ ಲೇಖನಿ ಹಗ್ಗ ಹೊಸೆಯುವವರನ್ನು ನುಲಿಯ ಚಂದಯ್ಯಗಳು ಎಂದೂ, ನೆಲದ ಅಕ್ಕಿಯನ್ನು ಆಯುವವರನ್ನು ಆಯ್ದಕ್ಕಿ ಮಾರಯ್ಯಗಳು ಎಂದೂ, ಸಂಸಾರವನ್ನೂ ಅರಮನೆಯನ್ನೂ ತೊರೆದು ಬಂದ ತರುಣಿಯನ್ನು ಮಹಾದೇವಿಯಕ್ಕಗಳು ಎಂದೂ ಕರೆಯುತ್ತದೆ. ನುಲಿ, ಆಯ್ದಕ್ಕಿ ಎಂಬ ಕಾಯಕದ ಗುರುತು ಹೆಸರಿನ ಮುಂದೆ ನಿಂತಿದೆ. ಅದಕ್ಕೆ ತಕ್ಕ ಗೌರವದ ಪ್ರತ್ಯಯ ಹೆಸರಿನ ಹಿಂದೆ ನಿಂತಿದೆ. ಕಾಯಕವನ್ನು ಮುಚ್ಚಿಟ್ಟು ಕೊಟ್ಟ ಗೌರವವಲ್ಲ ಅದು, ಕಾಯಕವನ್ನು ಹೇಳಿಯೇ ಕೊಟ್ಟ ಗೌರವ. ಮಂತ್ರಿಯಾದ ದಂಡನಾಯಕನಿಗೂ ಹುಲ್ಲಿನ ಹಗ್ಗ ಮಾರುವವನಿಗೂ ವ್ಯಾಕರಣದಲ್ಲಿ ಒಂದೇ ಪೀಠ. ಅನುಭವಮಂಟಪದ ಸಮತೆಯನ್ನು ಕುರಿತು ಎಷ್ಟೋ ಭಾಷಣಗಳು ನಡೆದಿವೆ. ಆ ಸಮತೆ ಒಂದು ಪ್ರತ್ಯಯದಲ್ಲಿ ಹೇಗೆ ಕಾರ್ಯಗತವಾಗಿದೆ ಎಂಬುದನ್ನು ಕಾಣಬೇಕಾದರೆ ಈ ವಕ್ತೃಸೂಚನೆಗಳನ್ನು ನೋಡಬೇಕು.

ಹೀಗೆಂದ ಮಾತ್ರಕ್ಕೆ ಶೂನ್ಯಸಂಪಾದನೆಯ ಸಂವಾದವಿಧಾನ ಸರ್ವಥಾ ನಿರ್ದುಷ್ಟವೆಂದು ಸಾಧಿಸಬೇಕಾಗಿಲ್ಲ. ಬೇರೆಬೇರೆ ಸಂದರ್ಭಗಳಲ್ಲಿ ಹುಟ್ಟಿದ ವಚನಗಳನ್ನು ಶತಮಾನಗಳ ತರುವಾಯ ಒಂದು ವಾದದ ಸೂತ್ರದಲ್ಲಿ ಪೋಣಿಸಿದಾಗ ಕೆಲವೆಡೆ ಉತ್ತರವು ಪ್ರಶ್ನೆಗೆ ನೇರವಾಗಿ ಹೊಂದುವುದಿಲ್ಲ. ತಾನಾಗಿ ಉಕ್ಕಿ ಬಂದ ಆತ್ಮನಿವೇದನೆಯೊಂದು ಸೂಚನೆಯ ಬಲದಿಂದ ಪ್ರತಿವಾದಿಗೆ ಕೊಟ್ಟ ಉತ್ತರವಾಗಿಬಿಡುತ್ತದೆ. ಎಂದರೆ ಸೂಚನೆಯು ಮಾತನ್ನು ತಿಳಿಸುವುದಷ್ಟೇ ಅಲ್ಲ, ಮಾತಿನ ಅರ್ಥವನ್ನೇ ತಿರುಗಿಸಬಲ್ಲದು. ಪೂಜ್ಯಭಾವದಿಂದ ಸೂಚನೆ ಬರೆದವರಲ್ಲಿಯೇ ಇಂಥ ಶಕ್ತಿ ಕಾಣಬರುವುದಾದರೆ, ಅಲಕ್ಷ್ಯದಿಂದ ಬರೆದವರಲ್ಲಿ ಅದು ಏನನ್ನು ಮಾಡಬಹುದೆಂಬುದನ್ನು ಊಹಿಸಬಹುದು.

ಈಗ ಕುಟ್ಟದ ಜಗಲಿಗೆ ಹಿಂದಿರುಗಬಹುದು. ತರುಣ ಲೇಖಕನು ಮೊದಲು ಬರೆದ ಕರಡು ಹೀಗಿದೆಯೆಂದು ಕಲ್ಪಿಸಿಕೊಳ್ಳೋಣ:

“ಏನೋ, ಮೂರು ದಿನ ಎಲ್ಲಿ ಸತ್ತಿದ್ದೆ?” ಎಂದು ಸಾಹುಕಾರರು ಗಂಭೀರಧ್ವನಿಯಲ್ಲಿ ವಿಚಾರಿಸಿದರು.

“ಮಗುವಿಗೆ ಜ್ವರ, ಅಯ್ಯಾ” ಎಂದು ಎರವ ಹಲ್ಲುಗಿಂಜುತ್ತ ಗೊಣಗಿದ.

“ಹೋದ ವಾರದ ಕೂಲಿ ಮುಂಗಡಕ್ಕೆ ವಜಾ” ಎಂದು ಅವರು ನಿರ್ಧಾರದಿಂದ ನುಡಿದರು.

“ಮುಂಗಡ ಹೋದ ತಿಂಗಳೇ ತೀರಿತು” ಎಂದು ಅವನು ದೈನ್ಯದಿಂದ ಬೇಡಿಕೊಂಡ.

“ಎಷ್ಟಿದೆ ನೋಡಿ” ಎಂದು ಸಾಹುಕಾರರು ಔದಾರ್ಯದಿಂದ ರೈಟರಿಗೆ ಅಪ್ಪಣೆ ಕೊಡಿಸಿದರು.

ಪಾತ್ರಗಳು ಆಡಿದ ಒಂದೇ ಒಂದು ಮಾತನ್ನೂ ಬದಲಿಸದೆ ಇದೇ ಪ್ರಸಂಗವನ್ನು ಬೇರೊಂದು ಬಗೆಯಲ್ಲಿಯೂ ಬರೆಯಬಹುದು:

ಸಾಹುಕಾರ ತಲೆಯೆತ್ತಲಿಲ್ಲ. “ಏನೋ, ಮೂರು ದಿನ ಎಲ್ಲಿ ಸತ್ತಿದ್ದೆ?”

“ಮಗುವಿಗೆ ಜ್ವರ, ಅಯ್ಯಾ” ಎಂದ ಕರಿಯ.

“ಹೋದ ವಾರದ ಕೂಲಿ ಮುಂಗಡಕ್ಕೆ ವಜಾ.”

“ಮುಂಗಡ ಹೋದ ತಿಂಗಳೇ ತೀರಿತು.”

ರೈಟರ್ ಪುಸ್ತಕದ ಪುಟ ಮಗುಚಿದ. “ಎಷ್ಟಿದೆ ನೋಡಿ” ಎಂದ ಸಾಹುಕಾರ, ಈ ಸಲ ತಲೆಯೆತ್ತಿ.

ಎರಡು ಪಾಠಗಳಿಗೂ ಇರುವ ಅಂತರವೆಲ್ಲ ಉದ್ಧರಣ ಚಿಹ್ನೆಗಳ ಹೊರಗೇ ಇದೆ. ಮೊದಲನೆಯದರಲ್ಲಿ ಕೂಲಿಗಾರನಿಗೆ ಹೆಸರಿಲ್ಲ, ಜಾತಿ ಮಾತ್ರ ಇದೆ. ಬೈಗುಳವನ್ನು ಲೇಖಕನು ಗಾಂಭೀರ್ಯವೆಂದು ಕರೆದಿದ್ದಾನೆ. ತೀರಿದ ಸಾಲದ ಲೆಕ್ಕವನ್ನು ನೆನಪಿಸುವ ನೇರ ನುಡಿಯನ್ನು ಬೇಡಿಕೆಯೆಂದು ಕರೆದಿದ್ದಾನೆ. ಎಲ್ಲಕ್ಕಿಂತ ಮಿಗಿಲಾಗಿ, ದುಡಿದವನಿಗೆ ನ್ಯಾಯವಾಗಿ ಸಲ್ಲಬೇಕಾದ ಕೂಲಿಯು ‘ಔದಾರ್ಯದಿಂದ’ ಎಂಬ ಒಂದು ಪದದ ಮೂಲಕ ದಾನವಾಗಿ ಮಾರ್ಪಟ್ಟಿದೆ. ಎರಡನೆಯ ಪಾಠದಲ್ಲಿ ಕರಿಯನ ಎರಡನೆಯ ಮಾತಿಗೆ ಯಾವ ಸೂಚನೆಯೂ ಇಲ್ಲದ ಕಾರಣ ಆ ಮಾತು ತನ್ನ ಕಾಲಮೇಲೆ ತಾನೇ ನಿಲ್ಲುತ್ತದೆ. ಸಾಹುಕಾರನು ತಲೆಯೆತ್ತಿದ್ದು ಏಕೆಂಬುದನ್ನು ಓದುಗನೇ ಅರಿತುಕೊಳ್ಳುತ್ತಾನೆ.

ಮೊದಲ ಕರಡನ್ನು ಬರೆದ ಲೇಖಕನು ದುಷ್ಟನೆಂದು ತಿಳಿಯಬೇಕಾಗಿಲ್ಲ. ಅವನ ಕಥೆಯ ಉದ್ದೇಶ ಬಡವನ ಪರವಾಗಿಯೇ ಇದ್ದೀತು. ಆದರೆ ಭಾಷೆಯ ರೂಢಿಯು ಅವನ ಉದ್ದೇಶವನ್ನು ಅವನಿಗೆ ಅರಿವಿಲ್ಲದೆಯೇ ಮೀರಿ ನಡೆದಿದೆ. ಕೊಡಗಿನ ಎರವರು ಹಿಂದೆ ತಲೆಮಾರುಗಳವರೆಗೆ ಭೂಮಾಲಿಕರ ಜೀತಕ್ಕೆ ಒಳಗಾಗಿದ್ದವರು. ಜೀತಪದ್ಧತಿಯನ್ನು 1976ರ ಕಾಯಿದೆ ದೇಶದಾದ್ಯಂತ ರದ್ದುಗೊಳಿಸಿತು. ಕಾಯಿದೆಯಲ್ಲಿ ರದ್ದಾದುದು ಕಥೆಯ ಕ್ರಿಯಾಪದದಲ್ಲಿ ಉಳಿದುಕೊಂಡಿದ್ದರೆ ಅದನ್ನು ತೆಗೆಯಬಲ್ಲವನು ಲೇಖಕನೊಬ್ಬನೇ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಸಮಾಜದಲ್ಲಿ ಮೇಲು-ಕೀಳು ಇರುವಾಗ ಕಥೆಯಲ್ಲಿ ಅದನ್ನು ಅಳಿಸಿಹಾಕುವುದು ಸತ್ಯಕ್ಕೆ ಬಗೆದ ಅಪಚಾರವಲ್ಲವೆ? ಪ್ರಶ್ನೆ ಯುಕ್ತವಾದುದು, ಆದರೆ ಅದಕ್ಕೆ ಉತ್ತರವೂ ಉಂಟು. ಮೇಲಿನ ಎರಡನೆಯ ಪಾಠದಲ್ಲಿ ಅಸಮಾನತೆ ಎಳ್ಳಷ್ಟೂ ಅಳಿದಿಲ್ಲ. ಒಬ್ಬನಿಗೆ ‘ಏನೋ’, ಇನ್ನೊಬ್ಬನಿಗೆ ‘ಅಯ್ಯಾ’, ಮೂರನೆಯವನಿಗೆ ‘ನೋಡಿ’ ಎಂಬ ಸಂಬೋಧನೆಯ ಶ್ರೇಣಿ ಮಾತಿನೊಳಗೆ ಹಾಗೆಯೇ ಇದೆ. ಅದು ಅವರ ಸಮಾಜದ ಸತ್ಯ. ಅದೇ ಶ್ರೇಣಿಯನ್ನು ಲೇಖಕನು ತನ್ನ ಸ್ವಂತ ಧ್ವನಿಯಲ್ಲಿ ಪುನರುಚ್ಚರಿಸಿದಾಗ ಮಾತ್ರ ಅದು ವರ್ಣನೆಯಾಗಿ ಉಳಿಯದೆ ಸಮರ್ಥನೆಯಾಗುತ್ತದೆ. ಹಾಗೆ ನೋಡಿದರೆ ಲೇಖಕನು ಹೊರಗೆ ಸಮನಾಗಿ ನಿಂತಾಗಲೇ ಒಳಗಿನ ಅಸಮಾನತೆ ಸ್ಫುಟವಾಗಿ ಕಾಣುವುದು.

ಏಕವಚನವೆಲ್ಲವೂ ಅವಮಾನವೆಂದೂ ಭಾವಿಸಬಾರದು. ಶರಣರು ತಮ್ಮ ಇಷ್ಟದೈವವನ್ನೇ ‘ನೀನು’ ಎಂದು ಕರೆದು ಮೊರೆಯಿಟ್ಟಿದ್ದಾರೆ, ಜಗಳವಾಡಿದ್ದಾರೆ. ಅಲ್ಲಿ ಏಕವಚನವೆಂದರೆ ಅತ್ಯಂತ ನಿಕಟತೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಕಾದಂಬರಿಯಲ್ಲಿ ದರ್ಪದ ಯಜಮಾನ ಚಂದ್ರಯ್ಯಗೌಡರಿಗೆ ಬಹುವಚನ. ಕಾದಂಬರಿಯ ಆದರ್ಶಪುರುಷನಾದ ಹೂವಯ್ಯನಿಗೂ ಬೇಲರ ಬೈರನಿಗೂ ಏಕವಚನ. ಮಲೆನಾಡಿನ ಮನೆತನದ ರೂಢಿಯು ಯಜಮಾನರಿಗೆ ಕೊಟ್ಟ ‘ಅರು’ ಪ್ರತ್ಯಯವು ಓದು ಮುಂದುವರಿದಂತೆ ಗೌರವದ ಗುರುತಾಗಿ ಉಳಿಯದೆ ಬರಿಯ ಅಧಿಕಾರದ ಗುರುತಾಗುತ್ತದೆ. ಲೇಖಕನ ಅಂತಃಕರಣ ಏಕವಚನದವರ ಕಡೆಗೇ ಹರಿದಿದೆ. ಆದುದರಿಂದ ಯಾವ ವಚನವನ್ನು ಬಳಸಿದನೆಂಬುದಕ್ಕಿಂತ, ಯಾಕೆ ಬಳಸಿದನೆಂಬುದು ಲೇಖಕನಿಗೆ ತಿಳಿದಿದೆಯೇ ಎಂಬುದೇ ವಿಮರ್ಶೆಯ ಪ್ರಶ್ನೆಯಾಗಬೇಕು. ಮಗುವಿನ ಕಣ್ಣಿನಿಂದ ನಡೆಯುವ ಕಥೆಯಲ್ಲಿ ಅಜ್ಜ ‘ಎಂದರು’ ಎಂಬುದೇ ಸಹಜ. ಅಲ್ಲಿ ಆದರ ಮಗುವಿನದು, ಹಣದ್ದಲ್ಲ.

ಕುಟ್ಟದ ಕಥೆಗೆ ಇನ್ನೊಂದು ತೊಡಕೂ ಉಂಟು. ಅಲ್ಲಿಯ ಜಗಲಿಯಲ್ಲಿ ನಿಜವಾಗಿ ಆಡಿದ ಮಾತು ಕನ್ನಡವಾಗಿರದೆ ಕೊಡವ ತಕ್ಕೋ ಮಲೆಯಾಳವೋ ಎರವರ ಮಾತೋ ಆಗಿದ್ದಿರಬಹುದು. ಕನ್ನಡದಲ್ಲಿ ಬರೆದ ಸಂವಾದ ಆಗಲೇ ಅನುವಾದ. ಈ ತೊಡಕು ಹೊಸದೇನೂ ಅಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಗುವವರೆಗೆ ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರು. ಅವರ ಆಸ್ಥಾನದ ಭಾಷೆ ಕನ್ನಡ. ದೊಡ್ಡವೀರರಾಜೇಂದ್ರನ ಕಾಲದ ‘ರಾಜೇಂದ್ರನಾಮೆ’ ಕನ್ನಡದಲ್ಲಿಯೇ ರಚಿತವಾಯಿತು. ಆ ಮನೆತನದ ಕಡೆಯ ಅರಸನನ್ನು ಕುರಿತು ಮಾಸ್ತಿಯವರು ಬರೆದ ‘ಚಿಕವೀರ ರಾಜೇಂದ್ರ’ (1956) ಕಾದಂಬರಿಯಲ್ಲಿ ಅರಸನೂ ರಾಣಿಯೂ ಕೊಡವ ಮಂತ್ರಿಯೂ ತಿಳಿಯಾದ ಒಂದೇ ಕನ್ನಡದಲ್ಲಿ ಮಾತನಾಡುತ್ತಾರೆ. ಯಾರ ಬಾಯಲ್ಲಿಯೂ ಕನ್ನಡವನ್ನು ಒಡೆದು ನಗೆಯ ವಸ್ತುವಾಗಿಸುವ ಚಾಪಲ್ಯ ಅಲ್ಲಿಲ್ಲ. ಪ್ರಾದೇಶಿಕ ಸೊಗಡು ಕಡಿಮೆಯಾಯಿತೆಂದು ಯಾರಾದರೂ ಕೊರತೆ ಹೇಳಬಹುದು. ಆದರೆ ಒಂದು ಜನಾಂಗದ ಮಾತಿನ ಘನತೆಗೆ ಕುಂದು ಬಂದಿಲ್ಲ. ಕೊಡಗಿನವರೇ ಆದ ಭಾರತೀಸುತರು ‘ಎಡಕಲ್ಲು ಗುಡ್ಡದ ಮೇಲೆ’ ಮೊದಲಾದ ಕಾದಂಬರಿಗಳ ಮೂಲಕ ಕೊಡಗು-ವಯನಾಡುಗಳ ಈ ನೆಲವನ್ನು ಕನ್ನಡದ ಓದುಗರಿಗೆ ಪರಿಚಯಿಸಿದರು. ಅವರ ದಾರಿಯಲ್ಲಿ ಮುಂದೆ ನಡೆಯುವವರು ಈ ವಿವೇಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತನ್ನ ತಾಯಿನುಡಿಯಲ್ಲಿ ನಿರರ್ಗಳವಾಗಿ ಮಾತನಾಡುವ ಎರವನನ್ನು ಕಥೆಯಲ್ಲಿ ತೊದಲು ಕನ್ನಡಿಗನನ್ನಾಗಿ ಮಾಡುವುದು ಅನುವಾದದ ಅಪರಾಧ. ‘ತನ್ನ ಭಾಷೆಯಲ್ಲಿ ಹೆಂಡತಿಗೆ ಹೇಳಿದ’ ಎಂಬ ಒಂದು ಸರಳ ಸೂಚನೆಯಿಟ್ಟು, ಮಾತನ್ನು ತುಂಬುಕನ್ನಡದಲ್ಲಿ ಬರೆದರೆ ಅಷ್ಟೇ ಸಾಕು. ಬೇರೆ ಭಾಷೆಯ ಮಾತಿನ ಭಾರವನ್ನು ಹೊರುವ ಕೆಲಸ ಸೂಚನೆಯದೇ ಹೊರತು ಅಪಭ್ರಂಶದ್ದಲ್ಲ.

ಕನ್ನಡ ವಾಕ್ಯದ ರಚನೆಗೇ ಸಂಬಂಧಿಸಿದ ಒಂದೆರಡು ವಿಚಾರಗಳನ್ನೂ ಗಮನಿಸಬೇಕು. ಕನ್ನಡದಲ್ಲಿ ‘ಎಂದು’ ಎಂಬುದು ಮಾತಿನ ಕೊನೆಗೆ ಬರುತ್ತದೆ. ಮಾತು ಹತ್ತು ಸಾಲು ಬೆಳೆದರೆ ಆಡಿದವರಾರೆಂಬುದು ತಿಳಿಯಲು ಓದುಗನು ಹನ್ನೊಂದನೆಯ ಸಾಲಿನವರೆಗೆ ಕಾಯಬೇಕಾಗುತ್ತದೆ. ಇದಕ್ಕೆ ಹಿಂದಿನವರು ಕಂಡುಕೊಂಡ ಪರಿಹಾರ ಎರಡು ಬಗೆಯದು: ಸಂಪಾದನಕಾರರಂತೆ ಸಂದರ್ಭವನ್ನೂ ಹೆಸರನ್ನೂ ಮಾತಿಗೆ ಮುನ್ನವೇ ತಿಳಿಸುವುದು, ಇಲ್ಲವೆ ಅಯ್ಯಾ, ಅವ್ವಾ, ಅಣ್ಣಾ ಮುಂತಾದ ಸಂಬೋಧನೆಯಿಂದ ಮಾತನ್ನು ಆರಂಭಿಸಿ ಆಡುವವರ ಹಾಗೂ ಕೇಳುವವರ ಸಂಬಂಧವನ್ನು ಮೊದಲಿಗೇ ಸ್ಥಾಪಿಸುವುದು. ಇಬ್ಬರೇ ಮಾತನಾಡುತ್ತಿರುವಲ್ಲಿ ಪ್ರತಿ ಸಾಲಿಗೂ ಸೂಚನೆ ಅನಾವಶ್ಯಕ. ಮೂವರಿರುವಲ್ಲಿ ಅದನ್ನು ಬಿಡುವುದು ಅಪಾಯ. ‘ಉದ್ಗರಿಸಿದನು’, ‘ಗುಡುಗಿದನು’, ‘ಉಸುರಿದಳು’ ಎಂಬ ಅಲಂಕಾರದ ಕ್ರಿಯಾಪದಗಳು ಬಹುಸಂದರ್ಭಗಳಲ್ಲಿ ಮಾತಿನ ದೌರ್ಬಲ್ಯವನ್ನು ಮುಚ್ಚಲು ಹೊದಿಸಿದ ಶಾಲುಗಳು. ಮಾತು ಗುಡುಗಿದ್ದರೆ ‘ಎಂದನು’ ಎಂಬುದೇ ಸಾಕು. ಮಾತು ಗುಡುಗದಿದ್ದರೆ ಕ್ರಿಯಾಪದ ಗುಡುಗಿ ಪ್ರಯೋಜನವಿಲ್ಲ.

ಬರಹವೂ ಒಂದು ಕಾಯಕ. ಕಾಯಕಕ್ಕೆ ಸಲ್ಲುವ ನಿಯಮವೇ ಬರಹಕ್ಕೂ ಸಲ್ಲುತ್ತದೆ: ಹೆಚ್ಚು ಬಂದುದನ್ನು ಬಂದಲ್ಲಿಗೇ ಹಿಂದಿರುಗಿಸಬೇಕು. ಸಂವಾದದಲ್ಲಿ ಅನಗತ್ಯವಾಗಿ ಸೇರಿಕೊಂಡ ವಿಶೇಷಣಗಳೂ, ರೂಢಿಯಿಂದ ಬಂದು ಕುಳಿತ ತಾರತಮ್ಯವೂ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಅಕ್ಕಿಯ ಜಾತಿಗೆ ಸೇರಿದವು. ಹಗ್ಗ ಹೊಸೆದವರನ್ನು ‘ಚಂದಯ್ಯಗಳು’ ಎಂದು ಕರೆದ ಭಾಷೆಯಲ್ಲಿ ಕಥೆ ಬರೆಯುವವನು, ಅಂಗಳದಲ್ಲಿ ನಿಂತವನ ಹೆಸರೇನೆಂದು ಕೇಳಿ ತಿಳಿದುಕೊಂಡ ಮೇಲೆಯೇ ಅವನ ಮಾತನ್ನು ಬರೆಯತೊಡಗಬೇಕು.